‘ದಿ ಸ್ಟೆಂಡಾಲ್ ಸಿಂಡ್ರೋಮ್’ ಸಿನಿಮಾದಲ್ಲಿ ನಾಯಕಿ ಪೇಂಟಿಂಗ್ ನೋಡಿ ಮೂರ್ಛೆ ಹೋಗುವುದೇಕೆ? ಅದು ನಿಜವಾದ ಕಾಯಿಲೆಯೇ?

ಕಲ್ಪನೆಯಲ್ಲ, ಆದರೆ ಮನೋವೈದ್ಯರ ಅಧಿಕೃತ ರೋಗಪಟ್ಟಿಯಲ್ಲೂ ಇಲ್ಲ. ಇಟಲಿಯ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಿಂದ ಹೊರಬರುವಾಗ ಎದೆ ಹೊಡೆದುಕೊಂಡಿತು, ಎಲ್ಲಿ ಬಿದ್ದುಬಿಡುತ್ತೇನೋ ಎನ್ನಿಸಿತು ಎಂದು ಫ್ರೆಂಚ್ ಲೇಖಕ ಸ್ಟೆಂಡಾಲ್ ಬರೆದಿದ್ದ. ಕಲಾಕೃತಿಗಳ ಮುಂದೆ ಹೀಗೆ ತತ್ತರಿಸಿದ ನೂರಕ್ಕೂ ಹೆಚ್ಚು ಪ್ರವಾಸಿಗರನ್ನು ಅದೇ ಊರಿನ ಆಸ್ಪತ್ರೆಯಲ್ಲಿ ಕಂಡ ಮನೋವೈದ್ಯೆ ಗ್ರಾಜಿಯೆಲ್ಲಾ ಮಾಘೆರಿನಿ ಈ ಸ್ಥಿತಿಗೆ ಅವನ ಹೆಸರಿಟ್ಟರು.

ಇಟಲಿಯ ನಿರ್ದೇಶಕ ದಾರಿಯೋ ಅರ್ಜೆಂತೊ 1996ರಲ್ಲಿ ಇದನ್ನೇ ಥ್ರಿಲ್ಲರ್ ಮಾಡಿದರು. ಆರಂಭದ ದೃಶ್ಯವನ್ನು ಫ್ಲಾರೆನ್ಸಿನ ನಿಜವಾದ ಉಫೀಜಿ ಕಲಾ ಮ್ಯೂಸಿಯಂನಲ್ಲೇ ಚಿತ್ರೀಕರಿಸಿದ್ದಾರೆ. ಪೊಲೀಸ್ ಅಧಿಕಾರಿ ಆನ್ನಾ (ನಿರ್ದೇಶಕರ ಮಗಳು ಆಸಿಯಾ) ಜನಜಂಗುಳಿಯ ನಡುವೆ ನಡೆಯುತ್ತಾಳೆ. ಗ್ರೀಕ್ ಪುರಾಣದ ಇಕಾರಸ್ ರೆಕ್ಕೆ ಕರಗಿ ಸಮುದ್ರಕ್ಕೆ ಬೀಳುವ ಪೇಂಟಿಂಗ್ ಮುಂದೆ ನಿಂತಾಗ ಅದರ ಸಮುದ್ರವೇ ಅವಳನ್ನು ಒಳಗೆಳೆದುಕೊಳ್ಳುತ್ತದೆ. ಕುಸಿದು ಬಿದ್ದವಳ ತುಟಿ ಒಡೆದಿರುತ್ತದೆ. (ಆ ಪೇಂಟಿಂಗ್ ವಾಸ್ತವದಲ್ಲಿ ಇರುವುದು ಬ್ರಸೆಲ್ಸ್‌ನಲ್ಲಿ.)

ನನಗೆ ಮುಖ್ಯವೆನಿಸುವುದು ಮುಂದಿನದು. ಅತ್ಯಾಚಾರಿ ಕೊಲೆಗಾರನ ಕೈಗೆ ಸಿಕ್ಕಿ ನರಳಿದ ಮೇಲೆ ಆನ್ನಾ ತಾನೇ ಕುಂಚ ಹಿಡಿಯುತ್ತಾಳೆ, ಮೈಗೂ ಬಣ್ಣ ಬಳಿದುಕೊಳ್ಳುತ್ತಾಳೆ. ಬಾಯಲ್ಲಿ ಹೇಳಲಾಗದ್ದು ಹೀಗೆ ಹೊರಬರುತ್ತದೆ, ಆದರೆ ಗಾಯ ಮಾತ್ರ ಮಾಯುವುದಿಲ್ಲ. ಎನ್ನಿಯೋ ಮೊರಿಕೋನೆ ಸಂಗೀತ ಆ ಸಂಕಟವನ್ನು ಬಿಡದೆ ಹಿಂಬಾಲಿಸುತ್ತದೆ. ಹಿಂಸೆಯ ದೃಶ್ಯಗಳು ಬಹಳ ಕಠೋರವಾಗಿವೆ, ಮನಸ್ಸು ಗಟ್ಟಿ ಇದ್ದರಷ್ಟೇ ನೋಡಿ.