ಮ್ಯೂನಿಕ್‌ಗೆ ಹೊರಟ ತೀರ್ಥಹಳ್ಳಿಯ ತಮ್ಮನಿಗೆ, ರಜೆ ದಿನಗಳ ಬಗ್ಗೆ

ತೀರ್ಥಹಳ್ಳಿ ಕಡೆಯ ಹುಡುಗ, ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ. ಅವನು ಕೇಳಿದ್ದು: "ಅಣ್ಣಾ, ಕೋಡ್ ಬರೆಯೋದು ಎಲ್ಲಿದ್ರೂ ಒಂದೇ. ಬೆಟ್ಟ ಹತ್ತೋದು, ಅಣಬೆ, ಮೀನು, ಹಿತ್ತಲಿನ ಕೆಸು, ಇದೆಲ್ಲ ಅಲ್ಲಿ ನಡೆಯುತ್ತಾ? ಇಲ್ಲ, ರಜೆಯಲ್ಲೂ ಸ್ಕ್ರೀನೇ ಗತಿಯಾ?"

ಎಲ್ಲವೂ ನಡೆಯುತ್ತೆ ಮಾರಾಯ. ಊರಲ್ಲಿ ಯಾರನ್ನೂ ಕೇಳದೆ ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ಒಂದೋ ಕಾನೂನು ಇರುತ್ತೆ, ಇಲ್ಲವೇ ನಿನ್ನ ಕಣ್ಣಿಗೆ ಪರಿಚಯವಿಲ್ಲದ ಅಪಾಯ ಇರುತ್ತೆ. ಅದು ಗೊತ್ತಿದ್ದರೆ ಸಾಕು.

ಮೊದಲು ಬೆಟ್ಟ. ಕೊಡಚಾದ್ರಿ 1343 ಮೀಟರ್, ಜರ್ಮನಿಯ ಅತಿ ಎತ್ತರದ ತ್ಸುಗ್‌ಸ್ಪಿಟ್ಸೆ 2962. ಹಾಗಂತ ಎತ್ತರ ನೋಡಿ ಹೆದರಬೇಕಿಲ್ಲ, ಫಲಕ ಓದೋದು ಕಲಿ. ಹಳದಿ ಫಲಕದ ಮೇಲೆ ಸಾಮಾನ್ಯವಾಗಿ ದೂರದ ಬದಲು ನಡೆಯಲು ಬೇಕಾದ ಹೊತ್ತು ಬರೆದಿರುತ್ತೆ. ಕೂತು ಬುತ್ತಿ ಬಿಚ್ಚುವ ಹೊತ್ತು ಅದರಲ್ಲಿ ಸೇರಿಲ್ಲ. ನೀಲಿ ದಾರಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಮೊದಲ ವರ್ಷ ನೀಲಿಯಲ್ಲೇ ಇರು. ಮೇ ತಿಂಗಳಲ್ಲಿ ಪೇಟೆಯಲ್ಲಿ ಚಡ್ಡಿ ಹಾಕಿ ತಿರುಗುವಷ್ಟು ಬಿಸಿಲಿದ್ದರೂ 2000 ಮೀಟರ್ ಮೇಲಿನ ಉತ್ತರ ಮುಖದ ಇಳಿಜಾರಲ್ಲಿ ಗಟ್ಟಿ ಹಿಮ ಇನ್ನೂ ಕೂತಿರುತ್ತೆ. ಜಾರಿದರೆ ಹಿಡಿದುಕೊಳ್ಳಲು ಒಂದು ಪೊದೆಯೂ ಸಿಗಲ್ಲ. ಬೇಸಿಗೆಯಲ್ಲಿ ಗುಡುಗು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಹಾಗಾಗಿ ಬೆಳಗಿನ ರೈಲು ಹಿಡಿ. ಜರ್ಮನ್ ಆಲ್ಪೈನ್ ಸಂಘದ ಸದಸ್ಯನಾದರೆ ಬೆಟ್ಟದಲ್ಲಿ ರಕ್ಷಣೆಯ ಖರ್ಚಿಗೆ ವಿಮೆ ಅದರಲ್ಲೇ ಸೇರಿರುತ್ತೆ. ತುರ್ತಿಗೆ 112.

ಇಂಬಳದ ಕಾಟ ಇಲ್ಲ. ಉಣುಗು ಮಾತ್ರ ಇದೆ, ಅದನ್ನು ಹಗುರಾಗಿ ತಗೋಬೇಡ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್‌ಗೆ ಇಲ್ಲೊಂದು ದಾಯಾದಿ ಇದೆ. ಎಫ್‌ಎಸ್‌ಎಮ್‌ಇ ಅಂತಾರೆ, ಹರಡೋದು ಉಣುಗಿನಿಂದಲೇ, ತಗಲುವುದು ಮಿದುಳಿಗೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಬಹುಪಾಲು ಜಿಲ್ಲೆಗಳು ಅಪಾಯದ ಪಟ್ಟಿಯಲ್ಲಿವೆ. ಊರಲ್ಲಿ ಕಾಯಿಲೆ ಏರೋದು ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳಲ್ಲಿ, ಇಲ್ಲಿ ವಸಂತದಿಂದ ಶರತ್ಕಾಲದವರೆಗೆ. ಇದಕ್ಕೆ ಲಸಿಕೆ ಇದೆ: ಮೊದಲನೆಯದಾದ ಒಂದರಿಂದ ಮೂರು ತಿಂಗಳಿಗೆ ಎರಡನೆಯದು, ಒಂದು ವರ್ಷದೊಳಗೆ ಮೂರನೆಯದು. ಚಳಿಗಾಲದಲ್ಲೇ ಶುರುಮಾಡಿದರೆ ಬೆಟ್ಟ ತೆರೆಯುವ ಹೊತ್ತಿಗೆ ಎರಡಾಗಿರುತ್ತೆ. ಅಪಾಯದ ಜಿಲ್ಲೆಯವರಿಗೆ ಸಾರ್ವಜನಿಕ ಆರೋಗ್ಯ ವಿಮೆಯೇ ಹಣ ಕೊಡುತ್ತೆ. ಊರಲ್ಲಿ ಮಂಗನ ಕಾಯಿಲೆ ಲಸಿಕೆ ಹಾಕಿಸಿಕೊಂಡಿದ್ದೀನಿ ಅಂತ ಸುಮ್ಮನೆ ಕೂರಬೇಡ.

ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತೆ. ಮನೆಗೆ ಬಂದ ಕೂಡಲೇ ಮಂಡಿಯ ಹಿಂದೆ, ತೊಡೆಸಂದಿ, ಕಂಕುಳು, ಕಿವಿಯ ಹಿಂಭಾಗ ತಡವಿ ನೋಡು. ಕಚ್ಚಿಕೊಂಡಿದ್ದರೆ ಎಣ್ಣೆ ಸುರಿಯಬೇಡ, ಬೆಂಕಿಕಡ್ಡಿ ತಾಗಿಸಬೇಡ; ಹಾಗೆ ಕೆಣಕಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು. ಚೂಪು ಮೊನೆಯ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನಿಧಾನವಾಗಿ, ನೇರವಾಗಿ ಎಳಿ. ಎಫ್‌ಎಸ್‌ಎಮ್‌ಇ ವೈರಸ್ ಕಚ್ಚಿದ ತಕ್ಷಣ ಒಳಗೆ ಹೋಗಬಹುದು. ಉಣುಗಿನಿಂದಲೇ ಹರಡುವ ಇನ್ನೊಂದು ಕಾಯಿಲೆ ಲೈಮ್, ಅದರ ಬ್ಯಾಕ್ಟೀರಿಯಾಗೆ ಮಾತ್ರ ಸಾಮಾನ್ಯವಾಗಿ 12 ಗಂಟೆಗಿಂತ ಹೆಚ್ಚು ಹೊತ್ತು ಬೇಕು, ಬೇಗ ಕಿತ್ತರೆ ಲಾಭ ಇರೋದು ಅಲ್ಲೇ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಉಂಗುರ ಹರಡಿದರೆ ಡಾಕ್ಟರ ಹತ್ತಿರ ಹೋಗು, ಆ್ಯಂಟಿಬಯೋಟಿಕ್‌ಗೆ ಬಗ್ಗುತ್ತೆ.

ಅಣಬೆ ವಿಷಯಕ್ಕೆ ನಿನ್ನ ಊರಿನ ಕಣ್ಣೇ ಶತ್ರು. ಹುತ್ತದ ಮೇಲೆ ಏಳುವ ನಮ್ಮ ಅಣಬೆ ಇಲ್ಲಿಲ್ಲ, ಯಾಕಂದ್ರೆ ಅದನ್ನು ಬೆಳೆಸುವ ಗೆದ್ದಲೇ ಇಲ್ಲಿಲ್ಲ. ಮಾಸಲು ಹಸಿರು ಅಥವಾ ಬಿಳಿ ಟೋಪಿ, ಟೋಪಿಯಡಿ ಬಿಳಿ ಪದರ, ಕಾಂಡಕ್ಕೆ ಬಳೆ, ಬುಡಕ್ಕೆ ಚೀಲ ಇದ್ದರೆ ಅದು ಜೀವ ತೆಗೆಯುವ ಡೆತ್ ಕ್ಯಾಪ್ ಅಂತಲೇ ತಿಳಿ. ಬೇಯಿಸಿದರೂ ವಿಷ ಹೋಗಲ್ಲ. ವಾಂತಿಭೇದಿ ಶುರುವಾಗೋದೇ ಆರು ಗಂಟೆ ದಾಟಿದ ಮೇಲೆ, ನಡುವೆ ಗುಣವಾದಂತೆ ಅನ್ನಿಸಿ, ಆಮೇಲೆ ಲಿವರ್ ಕೈಕೊಡುತ್ತೆ. ಅಣಬೆ ಗುರುತಿಸಿಕೊಡುವ ಸಲಹೆಗಾರರು ಇಲ್ಲಿನ ಅನೇಕ ಊರುಗಳಲ್ಲಿದ್ದಾರೆ. ಬುಟ್ಟಿಯನ್ನು ಅವರಿಗೆ ತೋರಿಸದೆ ಒಲೆ ಹಚ್ಚಬೇಡ. ಕತ್ತರಿಸದೆ ಬುಡಸಮೇತ ಒಯ್ಯಬೇಕು, ಗುರುತು ಇರೋದೇ ಬುಡದಲ್ಲಿ. ಕೀಳೋದೂ ಮನೆ ಖರ್ಚಿಗಾಗುವಷ್ಟು ಮಾತ್ರ. ಇನ್ನೊಂದು ಮಾತು: 1986ರ ಚೆರ್ನೋಬಿಲ್ ಅಣುಸ್ಥಾವರ ಅವಘಡದ ವಿಕಿರಣ ಸೂಸುವ ಸೀಸಿಯಂ ಬವೇರಿಯಾದ ಕೆಲವು ಕಾಡಣಬೆಗಳಲ್ಲಿ ಈಗಲೂ ಸಿಗುತ್ತೆ. ಅಪರೂಪಕ್ಕೆ ತಿಂದರೆ ತೊಂದರೆಯಿಲ್ಲ, ದಿನಾ ಸಾರು ಬೇಡ.

ಮುಂಗಾರಿನಲ್ಲಿ ನೀರಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನಿನ ಆಸೆ ಇಲ್ಲಿ ಬಿಟ್ಟುಬಿಡು. ಗಾಳ ಹಾಕೋದಕ್ಕೂ ಬವೇರಿಯಾದಲ್ಲಿ ಕನಿಷ್ಠ 30 ಗಂಟೆ ಪಾಠ, 60 ಪ್ರಶ್ನೆಯ ಪರೀಕ್ಷೆ, ಅದರ ಮೇಲೆ ಆಯಾ ಕೆರೆಗೋ ಹೊಳೆಗೋ ಬೇರೆ ಚೀಟಿ. ನಿನ್ನ ಇಂಟರ್‌ವ್ಯೂಗಿಂತ ಕಷ್ಟ.

ಕೆಸುವಿನ ಗಡ್ಡೆ, ಮೆಣಸಿನ ಬಳ್ಳಿ ಪೆಟ್ಟಿಗೆಯಲ್ಲಿ ಹಾಕಿಕೊಳ್ಳಬೇಡ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಐರೋಪ್ಯ ಒಕ್ಕೂಟದೊಳಗೆ ಬಿಡಲ್ಲ. ಹಣ್ಣಿನಲ್ಲಿ ಬಾಳೆ, ತೆಂಗು, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ತುಪ್ಪ ಹಾಲಿನ ಪದಾರ್ಥ, ಅದೂ ಇಲ್ಲ. ಅಮ್ಮನಿಗೆ ಮೊದಲೇ ಹೇಳು. ಅಪ್ಪೆಮಿಡಿ ಉಪ್ಪಿನಕಾಯಿ ತರಬಹುದು, ಆದರೆ ಎಣ್ಣೆ ಸೋರದಂತೆ ಎರಡು ಕವರ್.

ಕೆಸು ಬೇಕಾದರೆ ಏಷ್ಯನ್ ಅಂಗಡಿಯಲ್ಲಿ ಮೊಳಕೆಯ ಮೊಗ್ಗು ಕಾಣುವ ಸಣ್ಣ ಗಡ್ಡೆ ಆರಿಸಿ ತಾ. ಮಾರ್ಚ್‌ನಲ್ಲಿ ಮನೆಯೊಳಗೆ ಕುಂಡಕ್ಕೆ ಹಾಕಿ ಕಿಟಕಿಯ ಬೆಚ್ಚಗಿನ ಜಾಗದಲ್ಲಿಡು. ಬಾಲ್ಕನಿಗೆ ಇಳಿಸೋದು ಮೇ 15 ಕಳೆದ ಮೇಲೆ, ಅಲ್ಲಿಯವರೆಗೂ ರಾತ್ರಿಯ ಹಿಮ ಎಲೆ ಸುಡುವ ಭಯ ಇರುತ್ತೆ. ದೊಡ್ಡ ಬಕೆಟ್, ಕೆಳಗೆ ಸದಾ ನೀರಿರುವ ತಟ್ಟೆ. ಆಗಸ್ಟ್ ಹೊತ್ತಿಗೆ ಒಂದು ಸಲದ ಪತ್ರೊಡೆಗೆ ಎಲೆ ಆಗುತ್ತೆ. ಗಡ್ಡೆಗೆ ಮಾರಿದ ಜಾತಿಯ ಎಲೆ ಚೆನ್ನಾಗಿಯೇ ತುರಿಸಬಹುದು. ಹುಣಸೆ ಜಾಸ್ತಿ ಹಾಕು, ಹಬೆಯಲ್ಲಿ ಮುಕ್ಕಾಲು ಗಂಟೆಗೆ ಕಡಿಮೆ ಬೇಡ. ಅಕ್ಟೋಬರ್‌ನಲ್ಲಿ ಹಿಮ ಬೀಳುವ ಮೊದಲೇ ಗಡ್ಡೆ ಕಿತ್ತು, ಒಣಗಿಸಿ, ಕಾಗದದಲ್ಲಿ ಸುತ್ತಿ ಒಳಗಿಟ್ಟರೆ ಮುಂದಿನ ಮಾರ್ಚ್‌ಗೆ ಬೀಜ ಅದೇ.