ನಲ್ಲಿ ಹಾಕಿಹೋದರು, ನೀರು ಸರಿಯಾಗಿ ಬರ್ತಿಲ್ಲ: ಊರಿನ ನೀರಿಗೆ ದುಡ್ಡು ಹಾಕೋರು ಯಾರು?

ನೀವು ಕೇಳಿರೋದು ಇಷ್ಟು: ಹಳ್ಳಿಯ ನೀರಿನ ಕೆಲಸಕ್ಕೆ ಸರ್ಕಾರದ ದುಡ್ಡು ಹೇಗೆ ಬರುತ್ತದೆ, ಯಾರು ಪ್ಲಾನ್ ಮಾಡುತ್ತಾರೆ, ಮನೆ ಮುಂದೆ ನಲ್ಲಿ ನಿಲ್ಲಿಸಿಹೋದ ಮೇಲೂ ಪಂಚಾಯಿತಿಯವರು "ನಮ್ಮ ಕೈಲಿ ಏನೂ ಇಲ್ಲ" ಅಂತ ಯಾಕೆ ಹೇಳುತ್ತಾರೆ. ನಾನು ಕೋಲಾರದ ಕಡೆಯವನು, ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದೆ. ಅಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ.

ಇದರಲ್ಲಿ ಕಟ್ಟೋ ದುಡ್ಡು ಬೇರೆ, ನಡೆಸೋ ದುಡ್ಡು ಬೇರೆ. ಪೈಪು, ಟ್ಯಾಂಕು, ಬೋರ್‌ವೆಲ್ಲಿಗೆ ಮೇಲಿಂದ ಬರುತ್ತದೆ. ಕರೆಂಟ್ ಬಿಲ್ಲು, ವಾಟರ್‌ಮನ್ ಸಂಬಳ, ಮೋಟಾರ್ ಸುಟ್ಟರೆ ರಿವೈಂಡಿಂಗ್ ಖರ್ಚು, ಇವೆಲ್ಲ ಪಂಚಾಯಿತಿ ತಲೆ ಮೇಲೆ. ಮೊದಲನೆಯದಕ್ಕೆ ಶಂಕುಸ್ಥಾಪನೆ, ಬೋರ್ಡು, ಫೋಟೋ ಎಲ್ಲ ಇರುತ್ತದೆ. ಎರಡನೆಯದರ ಬಗ್ಗೆ ಯಾರೂ ಮಾತಾಡಲ್ಲ.

ಕಟ್ಟೋ ದುಡ್ಡಿನ ಕಥೆ ಹೀಗೆ. ನಿಮ್ಮ ಮನೆ ಮುಂದಿನ ನಲ್ಲಿ ಬಹುಶಃ ಜಲಜೀವನ್ ಮಿಷನ್‌ದು, ಅಂದರೆ ಹಳ್ಳಿಯ ಪ್ರತಿ ಮನೆಗೂ ನಲ್ಲಿ ಕೊಡೋ ಕೇಂದ್ರದ ಯೋಜನೆಯದು, ನಮ್ಮ ರಾಜ್ಯದಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಅಂತ ಹೆಸರು. 2019ರ ಆಗಸ್ಟ್ 15ಕ್ಕೆ ಘೋಷಣೆಯಾಯಿತು. ಆಗಿನ ಒಟ್ಟು ಅಂದಾಜು 3.60 ಲಕ್ಷ ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 2.08 ಲಕ್ಷ ಕೋಟಿ. ಕರ್ನಾಟಕದಂಥ ರಾಜ್ಯಗಳಿಗೆ ಅರ್ಧ ಕೇಂದ್ರ, ಅರ್ಧ ರಾಜ್ಯ. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಕೇಂದ್ರವೇ 90 ಭಾಗ ಕೊಡುತ್ತದೆ. ಇದರ ಜೊತೆಗೆ, ಊರೊಳಗಿನ ಕೆಲಸದ ಖರ್ಚಿನಲ್ಲಿ ಶೇ 10ರಷ್ಟನ್ನು ಊರಿನವರು ವಂತಿಗೆ ಹಾಕಬೇಕು ಅಂತ ನಿಯಮ ಇದೆ. ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಜಾಸ್ತಿ ಇರುವ ಊರಿಗೆ, ಗುಡ್ಡಗಾಡಿನ ಊರಿಗೆ ಶೇ 5. ದುಡ್ಡಿಲ್ಲದವರು ಕೂಲಿ ಕೆಲಸದ ರೂಪದಲ್ಲೂ ಕೊಡಬಹುದು. ನಮ್ಮ ಸುತ್ತಮುತ್ತ ಇದನ್ನು ಮನೆ ಮನೆಗೆ ಹೋಗಿ ಎತ್ತಿದ್ದು ನಾನಂತೂ ಕಾಣೆ.

ಪ್ಲಾನ್ ಕಾಗದದ ಮೇಲೆ ಕೆಳಗಿನಿಂದ ಶುರುವಾಗುತ್ತದೆ. ಊರಿನ ನೀರು ಮತ್ತು ನೈರ್ಮಲ್ಯ ಸಮಿತಿ, ಅದರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು, ಗ್ರಾಮ ಕ್ರಿಯಾ ಯೋಜನೆ ಮಾಡಬೇಕು, ಗ್ರಾಮಸಭೆ ಒಪ್ಪಬೇಕು. ಊರುಗಳದ್ದೆಲ್ಲ ಸೇರಿ ಜಿಲ್ಲೆಯ ಯೋಜನೆ, ಜಿಲ್ಲೆಗಳದ್ದು ಸೇರಿ ರಾಜ್ಯದ್ದು, ಆಮೇಲೆ ರಾಜ್ಯ ಮಟ್ಟದ ಸಮಿತಿಯ ಮಂಜೂರಾತಿ, ಟೆಂಡರ್. ನಡೆಯೋದು ಎಷ್ಟೋ ಕಡೆ ಉಲ್ಟಾ. ಎಸ್ಟಿಮೇಟ್ ಮೊದಲೇ ರೆಡಿ ಇರುತ್ತದೆ, ಸಭೆಯಲ್ಲಿ ಸಹಿ ಮಾತ್ರ ಬಾಕಿ. ನನ್ನ ಅವಧಿಯಲ್ಲಿ ಹೀಗೆ ಬಂದ ಒಂದು ಎಸ್ಟಿಮೇಟನ್ನು ಸುಮ್ನೆ ತಿರುವಿ ಹಾಕಿದೆ. ಪೈಪಿನ ಉದ್ದ ಮೀಟರ್ ಲೆಕ್ಕದಲ್ಲಿ ಇತ್ತು, ಟ್ಯಾಂಕಿನ ಅಳತೆ ಇತ್ತು, ಸಿಸಿ ರಸ್ತೆ ಅಗೆದು ಮತ್ತೆ ಮುಚ್ಚೋದಕ್ಕೂ ದುಡ್ಡು ಇಟ್ಟಿದ್ದರು. ನೀರು ಎಲ್ಲಿಂದ ಅನ್ನೋ ಜಾಗದಲ್ಲಿ "ಹಾಲಿ ಕೊಳವೆಬಾವಿ" ಅಂತ ಒಂದೇ ಸಾಲು. ಆ ಕೊಳವೆಬಾವಿ ಬೇಸಿಗೆಯಲ್ಲಿ ಅರ್ಧ ಗಂಟೆ ಓಡಿದರೆ ಕೆಮ್ಮೋಕೆ ಶುರು ಮಾಡುತ್ತದೆ ಅಂತ ಊರಿಗೆಲ್ಲ ಗೊತ್ತು! ತಲೆಗೆ ದಿನಕ್ಕೆ 55 ಲೀಟರ್ ಅನ್ನೋ ಲೆಕ್ಕವನ್ನು ಅದರ ಮೇಲೆ ಕಟ್ಟಿದ್ದರು.

ಪಂಚಾಯಿತಿಗೆ ನೇರವಾಗಿ ಬರೋ ಇನ್ನೊಂದು ದುಡ್ಡು ಹಣಕಾಸು ಆಯೋಗದ ಅನುದಾನ. 15ನೇ ಆಯೋಗದ ಲೆಕ್ಕದಲ್ಲಿ 2021ರಿಂದ 26ರವರೆಗೆ ಇದರಲ್ಲಿ ಶೇ 60 ನಿರ್ಬಂಧಿತವಾಗಿತ್ತು, ಅಂದರೆ 30 ಭಾಗ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ, 30 ಭಾಗ ನೈರ್ಮಲ್ಯಕ್ಕೆ. ಉಳಿದ 40ರಲ್ಲಿ ಮಾತ್ರ ಪಂಚಾಯಿತಿಗೆ ಆಯ್ಕೆ ಇತ್ತು. ನೀರಿನ 30 ಭಾಗವನ್ನು ಹೈಮಾಸ್ಟ್ ದೀಪಕ್ಕೆ ಹಾಕುವಂತಿರಲಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ಯಾರೂ ಕೇಳಲ್ಲ.

ಈಗ ನಡೆಸೋ ದುಡ್ಡು. ಇಲ್ಲೇ ಎಲ್ಲ ಕುಸಿಯೋದು, ಅದಕ್ಕೆ ಸ್ವಲ್ಪ ಲೆಕ್ಕ ಹಾಕೋಣ. 200 ಮನೆಯ ಊರು, ಸಾವಿರ ಜನ ಅಂದುಕೊಳ್ಳಿ. ದಿನಕ್ಕೆ 55 ಸಾವಿರ ಲೀಟರ್ ಬೇಕು. 10 ಎಚ್‌ಪಿ ಮೋಟಾರ್ ಎಂಟು ಗಂಟೆ ಓಡಿದರೆ ಹತ್ತಿರ ಹತ್ತಿರ 60 ಯೂನಿಟ್, ತಿಂಗಳಿಗೆ 1,800. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಬರೀ ಕರೆಂಟಿಗೆ 10,800. ಅದರ ಮೇಲೆ ವಾಟರ್‌ಮನ್ ಸಂಬಳ, ವಾಲ್ವು, ಕೇಬಲ್ಲು, ಕ್ಲೋರಿನ್. ಮನೆಗೆ ತಿಂಗಳಿಗೆ 100 ರೂಪಾಯಿ ಹಾಕಿ ಎಲ್ಲರೂ ಕಟ್ಟಿದರೆ 20 ಸಾವಿರ ಬರುತ್ತದೆ. ಅರ್ಧ ಜನ ಕಟ್ಟಿದರೆ ಕರೆಂಟಿಗೂ ಸಾಲಲ್ಲ. ಕಟ್ಟದವರ ಕನೆಕ್ಷನ್ ಕಟ್ ಮಾಡೋಣ ಅಂತ ಯಾವ ಸದಸ್ಯ ಬಾಯಿ ಬಿಡುತ್ತಾನೆ? ಮುಂದಿನ ಸಲ ಓಟು ಬೇಡ್ವಾ? ಹಾಗಾಗಿ ಬಾಕಿ ಬೆಳೆಯುತ್ತದೆ, ರಾಜ್ಯ ಕೊಡೋ ಶಾಸನಬದ್ಧ ಅನುದಾನದಲ್ಲಿ ದೊಡ್ಡ ಪಾಲು ಬೀದಿದೀಪ ಮತ್ತು ಪಂಪ್‌ಹೌಸಿನ ಕರೆಂಟಿಗೇ ಹೋಗುತ್ತದೆ. "ನಮ್ಮ ಕೈಲಿ ಏನೂ ಇಲ್ಲ" ಅನ್ನೋದು ಪೂರ್ತಿ ಸುಳ್ಳಲ್ಲ.

ಊರಿನಲ್ಲಿ ನೀರಿನ ಬಿಲ್ ವಸೂಲಿಗೆ ಒತ್ತಡ ಇಲ್ಲದಿರೋದಕ್ಕೆ ಕಾರಣ, ಮೇಲಿಂದ ಬರೋ ದುಡ್ಡು ಸಾಲ ಅಲ್ಲ, ಅನುದಾನ. ನಗರಗಳಲ್ಲಿ ಹಾಗಲ್ಲ. ಬೆಂಗಳೂರಿನ ಕಾವೇರಿ 5ನೇ ಹಂತಕ್ಕೆ ಜಪಾನಿನ ನೆರವು ಸಂಸ್ಥೆ ಜೈಕಾದ ಸಾಲ ಇದೆ. 2005ರಲ್ಲಿ ಬೆಂಗಳೂರಿನ ಸುತ್ತಲ ಎಂಟು ಪಟ್ಟಣಗಳ ಪರವಾಗಿ ಒಂದು ನಿಧಿ ಮಾಡಿ 100 ಕೋಟಿಯ ಬಾಂಡ್ ಬಿಟ್ಟಿದ್ದರು. ಸಾಲ ತೀರಿಸಬೇಕಾದವನು ನೀರಿನ ಬಿಲ್ ವಸೂಲಿ ಮಾಡಲೇಬೇಕು ಅಲ್ವಾ?

ಕೆಲಸವೇ ಅರ್ಧಕ್ಕೆ ನಿಂತಿದ್ದರೆ ಕಾರಣ ಬೇರೆಯೂ ಇರಬಹುದು. ಮಿಷನ್ 2024ಕ್ಕೆ ಮುಗಿಯಬೇಕಿತ್ತು. 2024-25ರಲ್ಲಿ ಕೇಂದ್ರ ಬಜೆಟ್‌ನಲ್ಲಿ ಇಟ್ಟಿದ್ದು 70,163 ಕೋಟಿ, ಪರಿಷ್ಕೃತ ಅಂದಾಜಿನಲ್ಲಿ ಅದು 22,694 ಕೋಟಿಗೆ ಇಳಿಯಿತು. 2025ರ ಫೆಬ್ರವರಿ ಬಜೆಟ್‌ನಲ್ಲಿ ಅವಧಿಯನ್ನು 2028ರವರೆಗೆ ಮುಂದಕ್ಕೆ ಹಾಕಿದರು. ಬಿಲ್ ಬಾರದ ಗುತ್ತಿಗೆದಾರ ಜೆಸಿಬಿ ತಗೊಂಡು ಬೇರೆ ಕಡೆ ಹೋಗುತ್ತಾನೆ, ಅಗೆದ ರಸ್ತೆ ಹಾಗೇ ಉಳಿಯುತ್ತದೆ.

ನೀವು ಮಾಡಬಹುದಾದದ್ದು: ಮುಂದಿನ ಗ್ರಾಮಸಭೆಗೆ ಹೋಗಿ ಪಿಡಿಒ ಹತ್ತಿರ ಎಸ್ಟಿಮೇಟ್ ಪ್ರತಿ, ಮಾಡಿದ ಕೆಲಸವನ್ನು ಅಳೆದು ಬರೆದಿಡೋ ಅಳತೆ ಪುಸ್ತಕ ಅಂದರೆ ಎಂಬಿ, ಮತ್ತೆ 15ನೇ ಹಣಕಾಸಿನ ನೀರಿನ ಪಾಲಿನ ಖರ್ಚು ಕೇಳಿ. ಬಾಯಲ್ಲಿ ಕೇಳಿದರೆ "ನಾಳೆ ಬನ್ನಿ" ಅಂತಾರೆ, ಬರವಣಿಗೆಯಲ್ಲಿ ಕೊಡಿ. ಅದಕ್ಕೂ ಬಗ್ಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು, ಅದಕ್ಕೆ ಮೂರನ್ನೂ ಒಂದರಲ್ಲೇ ತುರುಕಬೇಡಿ. ಎಲ್ಲಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದದ್ದು, ಯೋಜನೆ ಪಂಚಾಯಿತಿಗೆ ಹಸ್ತಾಂತರ ಆಗಿದೆಯಾ ಅನ್ನೋದು. ಆಗಿಲ್ಲ ಅಂದರೆ ಗುತ್ತಿಗೆದಾರನನ್ನು, ಇಲಾಖೆಯ ಎಂಜಿನಿಯರನ್ನು ಇನ್ನೂ ಹಿಡಿದು ಕೇಳಬಹುದು, ಮತ್ತೆ ಎಲ್ಲ ಮನೆಗೂ ನೀರು ಬರುವ ತನಕ ಸಹಿ ಹಾಕಬೇಡಿ ಅಂತ ನಿಮ್ಮ ಅಧ್ಯಕ್ಷರಿಗೂ ಸದಸ್ಯರಿಗೂ ಈಗಲೇ ಹೇಳಿಡಿ.