ಆ ಬೆನ್ನಿನ ಚಿತ್ರ ಯಾಕೆ ಹಾಕಿದೆವು?

ಹೊಸನಗರದ ಮೇಷ್ಟ್ರೇ, ನಮಸ್ಕಾರ.

ಕಳೆದ ಸಂಚಿಕೆಯ ಮುಖಪುಟದಲ್ಲಿ ರವಿಕೆ ಇಲ್ಲದ ಹೆಂಗಸಿನ ಬೆನ್ನು ನೋಡಿ ನಿಮಗೆ ಬೇಸರವಾಗಿದೆ. ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ಇದು ಬೇಕಿತ್ತಾ ಅಂತ ಕೇಳಿದ್ದೀರಿ. ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತದವರ ಕೆಲಸ, ಅಳತೆಯೇ ಸರಿಯಿಲ್ಲ, ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ಕಲಿಯಲಿ ಅಂತಲೂ ಬರೆದಿದ್ದೀರಿ.

ಚಿತ್ರ ಆರಿಸಿದ್ದು ನಾನೇ. ಬರೆದ ಹೆಣ್ಣುಮಗಳು ತೀರ್ಥಹಳ್ಳಿ ಕಡೆಯವರು. ಸ್ನಾನ ಮುಗಿಸಿ ಬಚ್ಚಲ ಒಲೆ ಮುಂದೆ ಕೂದಲು ಒಣಗಿಸ್ತಾ ಕೂತಿರುವುದು ಅವರ ಅತ್ತೆ. ಇನ್ನೊಮ್ಮೆ ಪತ್ರಿಕೆ ತೆಗೆದು ಆ ಕೈ ನೋಡಿ ಮೇಷ್ಟ್ರೇ. ಅಡಿಕೆ ಸುಲಿದು ಸುಲಿದು ಬೆರಳ ತುದಿಗೆ ಹತ್ತಿದ ಕಪ್ಪು, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಆ ಚೊಗರಿನ ಕಪ್ಪು, ಹಾಗೇ ಇದೆ. ಬಲ ಹೆಗಲು ಎಡಕ್ಕಿಂತ ಇಳಿದಿದೆ. ಅಳತೆ ತಪ್ಪು ಅಂದದ್ದು ಇದನ್ನೇ ಇರಬೇಕು. ನಲವತ್ತು ವರ್ಷ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರ ಹೆಗಲು ಅದು.

ಬೇಲೂರು ನನಗೂ ಇಷ್ಟ. 1117ರ ಆ ಗುಡಿಯಲ್ಲಿ, ಕನ್ನಡಿ ಹಿಡಿದ ದರ್ಪಣಸುಂದರಿ ಮುಂದೆ ಎಷ್ಟೋ ಹೊತ್ತು ಸುಮ್ನೆ ನಿಂತಿದ್ದೇನೆ. ಅವಳ ಮೈಮೇಲೂ ಬಟ್ಟೆ ಜಾಸ್ತಿ ಇಲ್ಲ, ಅಲ್ವಾ? ಅದು ನಿಮಗೆ ಕಿರಿಕಿರಿ ಮಾಡಲಿಲ್ಲ. ಅವಳಿಗೆ ವಯಸ್ಸಾಗುವುದಿಲ್ಲ, ಹೆತ್ತ ಗುರುತಿಲ್ಲ, ಸೊಂಟ ನೋವಿಲ್ಲ. ದುಡಿದು ಬಳಲಿದ ಮೈಯನ್ನು ನೋಡುವ ಅಭ್ಯಾಸ ನಮಗೆ ತಪ್ಪಿದೆ ಅಂತ ನನಗನ್ನಿಸುತ್ತದೆ. ತಪ್ಪಿದ್ದರೆ ಬೈದು ಬರೆಯಿರಿ.

ಇನ್ನು ಶಾಲೆ ಮಾತು. ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಪುಂಡಿನಾರಿನ ಕುಂಚ ಹಿಡಿದು, ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರಲ್ಲ, ಅವರಿಗೆ ಯಾವ ಶಾಲೆ ಕಲಿಸಿತು? ಫ್ರಾನ್ಸಿನ ಸುಜಾನ್ ವಲದೋನ್ (1865–1938) ಕೂಡ ಶಾಲೆಗೆ ಹೋಗಿ ಕಲಿತವರಲ್ಲ. ರೆನ್ವಾರ್‌ನಂಥ ದೊಡ್ಡ ಕಲಾವಿದರಿಗೆ ಮಾಡೆಲ್ ಆಗಿ ಕೂತವರು, ಅವರ ಕೈ ನೋಡ್ತಾ ನೋಡ್ತಾ ತಾವೇ ಕುಂಚ ಹಿಡಿದರು. 1931ರಲ್ಲಿ, ಅರವತ್ತೈದು ದಾಟಿದ ಮೇಲೆ, ತೆರೆದ ಎದೆಯ ತಮ್ಮದೇ ಚಿತ್ರ ಬರೆದರು. ಮುಖದಲ್ಲಿ ನಗು ಇಲ್ಲ, ಯಾರನ್ನೂ ಮೆಚ್ಚಿಸುವ ಆಸೆಯೂ ಇಲ್ಲ.

ಅಚ್ಚಿಗೆ ಹೋಗುವ ಮುಂಚೆ ಆ ಅತ್ತೆಯವರ ಒಪ್ಪಿಗೆ ಕೇಳಲು ಅವರ ಮನೆಗೆ ಹೋಗಿದ್ದೆ. ಚಿತ್ರವನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ನನ್ನ ಬೆನ್ನು ನಾನು ನೋಡಿದ್ದು ಇದೇ ಮೊದಲು. ಹಾಕಿ" ಅಂದರು.

ನಿಮ್ಮ ಮನೆಯವರಿಗೂ ಒಮ್ಮೆ ತೋರಿಸಿ ಮೇಷ್ಟ್ರೇ. ಅವರು ಏನಂದರು ಅಂತ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.

– ಸಂಪಾದಕ, ಶಿವಮೊಗ್ಗ